ನೀವು ಕೇಳಿದ್ದು: ಈಜು, ಸೈಕಲ್, ಓಟ, ಆಮೇಲೆ ಮಂಗಳವಾರದ ಥೆರಪಿ

ಹಿಂದಿನ ಸಂಚಿಕೆಯಲ್ಲಿ ಯಾರದ್ದೋ ಮಂಡಿನೋವಿನ ಪ್ರಶ್ನೆಗೆ ಉತ್ತರಿಸುತ್ತಾ ಸುಮ್ನೆ ಎರಡು ಸಾಲು ಬರೆದಿದ್ದೆ. ಮಡಿಕೇರಿಯಲ್ಲಿ ಮಕ್ಕಳ ಫಿಸಿಯೋಥೆರಪಿ ಮಾಡುವ ನಾನು ನಲವತ್ತರ ಹೊತ್ತಿಗೆ ಈಜು, ಸೈಕಲ್, ಓಟ ಮೂರೂ ಸೇರಿದ ಟ್ರಯಥ್ಲಾನ್ ಹುಚ್ಚು ಹಿಡಿಸಿಕೊಂಡೆ, ರೇಸಿನ ಹೆಸರಲ್ಲಿ ಅಂಗವೈಕಲ್ಯ ಇರುವ ಮಕ್ಕಳ ಥೆರಪಿಗೆ ಸ್ವಲ್ಪ ಹಣವನ್ನೂ ಕೂಡಿಸಿದೆ ಅಂತ. ಅಷ್ಟಕ್ಕೇ ಪತ್ರಗಳ ಮೇಲೆ ಪತ್ರ. ಮಳೆ ಹಿಡಿದು ಮನೆಯೊಳಗೆ ಕೂತವರಿಗೆ ಬರೆಯಲು ಪುರುಸೊತ್ತು ಜಾಸ್ತಿ ಅಂತ ಕಾಣುತ್ತದೆ. ಕೆಲವರು ರೇಸಿನ ಬಗ್ಗೆ ಮಾತ್ರ ಕೇಳಿದ್ದಾರೆ, ಕೆಲವರು ಮಕ್ಕಳ ಬಗ್ಗೆ ಮಾತ್ರ, ಇಬ್ಬರು ನನ್ನನ್ನು ಚೆನ್ನಾಗಿ ಬೈದಿದ್ದಾರೆ. ಬೈದವರಲ್ಲಿ ಒಬ್ಬರಿಗೆ ಇಲ್ಲೇ ಉತ್ತರ ಇದೆ. ಹೆಸರು ಯಾರದ್ದೂ ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ನನಗೆ 43. ಕಾಫಿ ತೋಟ ಇದೆ. ಮೊನ್ನೆ ಮೊನ್ನೆವರೆಗೂ ಹಾಕಿ ಹಬ್ಬದಲ್ಲಿ ನಮ್ಮ ಒಕ್ಕದ (ಮನೆತನದ) ಪರವಾಗಿ ಆಡುತ್ತಿದ್ದೆ, ಈಗ ಮಂಡಿ ಕೇಳುವುದಿಲ್ಲ. ಟ್ರಯಥ್ಲಾನ್ ಮಾಡಬೇಕು ಅಂತ ಆಸೆ. ಈಜು ಬರುತ್ತದೆ, ತೋಟದ ಕೆರೆಯಲ್ಲಿ ಕಲಿತದ್ದು. ಎಲ್ಲಿಂದ ಶುರು ಮಾಡಲಿ?
– ಗೋಣಿಕೊಪ್ಪಲು

ಉತ್ತರ: ಕೆರೆಯಲ್ಲಿ ಕಲಿತವರ ಈಜು ನನಗೆ ಚೆನ್ನಾಗಿ ಗೊತ್ತು, ನಾನೂ ಅದೇ ಜಾತಿ. ತಲೆ ನೀರಿನ ಮೇಲೆ, ಕಣ್ಣು ದಡದ ಮೇಲೆ, ಕೈ ಕಾಲು ಎಲ್ಲಾ ಕಡೆ. ತಲೆ ಎತ್ತಿದ ಕೂಡಲೇ ಸೊಂಟ, ಕಾಲು ಕೆಳಗಿಳಿಯುತ್ತವೆ, ಆಮೇಲೆ ನೀವು ಈಜುತ್ತಿಲ್ಲ, ನೀರನ್ನು ತಳ್ಳಿಕೊಂಡು ಹತ್ತುತ್ತಿದ್ದೀರಿ ಅಷ್ಟೆ. 50 ಮೀಟರಿಗೆ ಏದುಸಿರು ಬರುತ್ತದೆ. ಮುಖ ನೀರಿನೊಳಗಿಟ್ಟು ನಿಧಾನಕ್ಕೆ ಉಸಿರು ಬಿಡುವುದು, ಪಕ್ಕಕ್ಕೆ ಹೊರಳಿ ಎಳೆದುಕೊಳ್ಳುವುದು, ಇಷ್ಟನ್ನು ಕಲಿಯಲು ನನಗೆ ಮೂರು ತಿಂಗಳು ಹಿಡಿಯಿತು. ನನ್ನ ಕೋಚ್ ಹುಡುಗನಿಗೆ ಆಗ 22 ವರ್ಷ. "ಸರ್, ನೀವು ನೀರಿನ ಜೊತೆ ಜಗಳ ಮಾಡ್ತಿದ್ದೀರಿ" ಅಂತ ದಿನಾ ಹೇಳುತ್ತಿದ್ದ. ಹಾಗಾಗಿ ಮೊದಲು ಈಜುಕೊಳ ಹುಡುಕಿ, ಕಲಿಸುವವರನ್ನು ಹುಡುಕಿ. ವಾರಕ್ಕೆ ಎರಡು ದಿನ ಕುಶಾಲನಗರಕ್ಕೋ ಮೈಸೂರಿಗೋ ಹೋಗಬೇಕಾಗಿ ಬಂದರೂ ಪರವಾಗಿಲ್ಲ. ಕಾವೇರಿ ಹೊಳೆಯಲ್ಲಿ, ಹಾರಂಗಿ ಹಿನ್ನೀರಿನಲ್ಲಿ ಒಬ್ಬರೇ ಅಭ್ಯಾಸ ಮಾಡಬೇಡಿ. ಮೇಲೆ ಶಾಂತವಾಗಿ ಕಂಡರೂ ಸೆಳವು ಎಲ್ಲಿದೆ, ಹೂಳು ಎಲ್ಲಿದೆ ಅಂತ ದಡದಲ್ಲಿ ನಿಂತವರಿಗೆ ಗೊತ್ತಾಗುವುದಿಲ್ಲ.

ಸೈಕಲ್ ವಿಷಯದಲ್ಲಿ ನಮ್ಮ ಜಿಲ್ಲೆ ಸ್ವರ್ಗವೂ ಹೌದು, ಶಿಕ್ಷೆಯೂ ಹೌದು. ಮಡಿಕೇರಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ, 30 ಕಿಲೋಮೀಟರ್ ಆಚೆಯ ಕುಶಾಲನಗರ ಅದಕ್ಕಿಂತ ಮುನ್ನೂರು ಮೀಟರ್ ಕೆಳಗೆ. ಇಳಿಯುವಾಗ ಹಾಡು ಬರುತ್ತದೆ, ಹತ್ತುವಾಗ ದೇವರು ನೆನಪಾಗುತ್ತಾನೆ. ಹೊಸಬರು ಕುಶಾಲನಗರದ ಕಡೆಯ ಸಮತಟ್ಟು ರಸ್ತೆಯಲ್ಲೇ ಶುರು ಮಾಡುವುದು ಒಳ್ಳೆಯದು. ನೀವಿರುವ ಕಡೆ ತಿತಿಮತಿ ರಸ್ತೆ, ಆ ಕಡೆ ಸಿದ್ದಾಪುರ ರಸ್ತೆ, ಇವೆರಡರಲ್ಲೂ ಬೆಳಕು ಹರಿಯುವ ಮುಂಚೆ ಇಳಿಯಬೇಡಿ. ಬೆಂಗಳೂರಿನವರು ಬೆಳಗ್ಗೆ ಐದಕ್ಕೆ ಟ್ರಾಫಿಕ್ ತಪ್ಪಿಸಿಕೊಳ್ಳಲು ಹೊರಡುತ್ತಾರೆ. ನಮ್ಮಲ್ಲಿ ಐದಕ್ಕೆ ರಸ್ತೆ ಆನೆಯದ್ದು. ಸೈಕಲ್ಲಿಗೆ ಸದ್ದಿಲ್ಲ, ತಿರುವಿನಲ್ಲಿ ಅದಕ್ಕೂ ನೀವು ಬಂದದ್ದು ಗೊತ್ತಾಗುವುದಿಲ್ಲ, ನಿಮಗೂ ಅದು ನಿಂತದ್ದು ಗೊತ್ತಾಗುವುದಿಲ್ಲ.

ಹಾಕಿ ಆಡಿದವರಿಗೆ ಓಟ ಹೊಸದೇನಲ್ಲ, ಆದರೆ ಸೈಕಲ್ ಇಳಿದ ಕೂಡಲೇ ಓಡುವುದು ಹೊಸದು. ಕಾಲು ಮರದ ಕೊರಡಿನ ಹಾಗಿರುತ್ತದೆ. ವಾರಕ್ಕೊಮ್ಮೆ ಒಂದು ಗಂಟೆ ಸೈಕಲ್ ಹೊಡೆದು ಕೂಡಲೇ 15 ನಿಮಿಷ ಓಡಿ ನೋಡಿ. ಇದಕ್ಕೆ ಬ್ರಿಕ್ ಅನ್ನುತ್ತಾರೆ, ಇಟ್ಟಿಗೆ ಅಂತ. ಹೆಸರು ಯಾಕೆ ಹಾಗೆ ಅಂತ ಮೊದಲ ದಿನವೇ ನಿಮ್ಮ ಕಾಲೇ ಹೇಳುತ್ತದೆ. ಮಂಡಿ ಕೇಳುವುದಿಲ್ಲ ಅಂದಿರಲ್ಲ, ಮೊದಲು ತೋರಿಸಿಕೊಳ್ಳಿ. ಸೀಟಿನ ಎತ್ತರ ಸರಿಯಿದ್ದರೆ ಸೈಕಲ್ ಮಂಡಿಗೆ ಸ್ನೇಹಿತ, ಸೀಟು ತಗ್ಗಿದ್ದರೆ ಶತ್ರು. ನಲವತ್ತು ದಾಟಿದವರು ಹೃದಯದ ತಪಾಸಣೆ ಮಾಡಿಸದೆ ರೇಸಿಗೆ ಹೆಸರು ಕೊಡಬಾರದು. ಇದರಲ್ಲಿ ಚೌಕಾಸಿ ಇಲ್ಲ.

ಪ್ರಶ್ನೆ: ಐರನ್‌ಮ್ಯಾನ್, ಟ್ರಯಥ್ಲಾನ್ ಎರಡೂ ಒಂದೇನಾ? ನಮ್ಮ ಪಿ.ಟಿ. ಮೇಷ್ಟ್ರು ಒಂದೇ ಅಂದರು.
– ಪಿಯುಸಿ ವಿದ್ಯಾರ್ಥಿ, ಸೋಮವಾರಪೇಟೆ

ಉತ್ತರ: ಮೇಷ್ಟ್ರಿಗೆ ಹೇಳಬೇಡ, ಒಂದೇ ಅಲ್ಲ. ಈಜು, ಸೈಕಲ್, ಓಟ ಒಂದರ ಹಿಂದೆ ಒಂದು ಮಾಡಿದರೆ ಅದು ಟ್ರಯಥ್ಲಾನ್. ದೂರ ಬೇರೆ ಬೇರೆ. ಸ್ಪ್ರಿಂಟ್ ಅಂದರೆ 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ಒಲಿಂಪಿಕ್ ದೂರ ಅದರ ಎರಡರಷ್ಟು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಈ ಆಟ ಮೊದಲ ಸಲ ಸೇರಿತು. ಐರನ್‌ಮ್ಯಾನ್ ಎನ್ನುವುದು ಒಂದು ಕಂಪನಿಯ ರೇಸಿನ ಹೆಸರು, ಹವಾಯಿಯಲ್ಲಿ 1978ರಲ್ಲಿ ಶುರುವಾದದ್ದು. 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಅದಾದ ಮೇಲೆ ಪೂರ್ತಿ ಮ್ಯಾರಥಾನ್ 42.2 ಕಿ.ಮೀ. ಸಾಮಾನ್ಯವಾಗಿ 17 ಗಂಟೆಯೊಳಗೆ ಮುಗಿಸಬೇಕು. ಅದರ ಅರ್ಧಕ್ಕೆ 70.3 ಅನ್ನುತ್ತಾರೆ, ಮೈಲಿ ಲೆಕ್ಕ ಅದು. ನಮ್ಮ ಲೆಕ್ಕದಲ್ಲಿ 113 ಕಿ.ಮೀ. ಭಾರತದಲ್ಲಿ ಅದು ಮೊದಲು ನಡೆದದ್ದು 2019ರಲ್ಲಿ, ಗೋವಾದಲ್ಲಿ. ನೀನು ಸ್ಪ್ರಿಂಟ್‌ನಿಂದ ಶುರು ಮಾಡು. ಅದಕ್ಕೂ ಮೊದಲು ಪರೀಕ್ಷೆ ಮುಗಿಸು.

ಪ್ರಶ್ನೆ: ಮಗನಿಗೆ ಮೂರು ವರ್ಷ. ಹುಟ್ಟಿದಾಗ ಅಳಲಿಲ್ಲ. ಸೆರೆಬ್ರಲ್ ಪಾಲ್ಸಿ ಅಂದಿದ್ದಾರೆ. ಹಿಡಿದರೆ ಕೂರುತ್ತಾನೆ, ನಿಲ್ಲಿಸಿದರೆ ಕಾಲು ಕತ್ತರಿ ಥರ ಒಂದರ ಮೇಲೊಂದು ಬರುತ್ತದೆ. ನಾವಿರುವುದು ತೋಟದ ಕೂಲಿಯವರ ಲೈನ್ ಮನೆಯಲ್ಲಿ. ಪ್ರತಿ ಮಂಗಳವಾರ ಎರಡು ಬಸ್ಸು ಹತ್ತಿ ಮಡಿಕೇರಿಗೆ ಥೆರಪಿಗೆ ಕರೆದುಕೊಂಡು ಹೋಗುತ್ತೇನೆ. ಅವತ್ತಿನ ಕೂಲಿ ಹೋಗುತ್ತದೆ. ಅಲ್ಲಿ ಮುಕ್ಕಾಲು ಗಂಟೆ ಕಾಲು ಎಳೆದು ಮಡಚಿ ಕಳಿಸುತ್ತಾರೆ. ಅತ್ತೆ "ದೊಡ್ಡವನಾದರೆ ತಾನೇ ಸರಿ ಹೋಗುತ್ತಾನೆ, ಎಣ್ಣೆ ಹಚ್ಚು ಸಾಕು" ಅನ್ನುತ್ತಾರೆ. ಹೋಗಿ ಪ್ರಯೋಜನ ಇದೆಯಾ? ನಿಜ ಹೇಳಿ.
– ನಾಪೋಕ್ಲು

ಉತ್ತರ: ನಿಜವನ್ನೇ ಹೇಳುತ್ತೇನೆ ತಂಗಿ. ತಾನೇ ಸರಿ ಹೋಗುವುದಿಲ್ಲ. ಸೆರೆಬ್ರಲ್ ಪಾಲ್ಸಿ ಅಂದರೆ ಮೆದುಳಿಗೆ ಆದ ಪೆಟ್ಟು, ಅದು ಜಾಸ್ತಿಯೂ ಆಗುವುದಿಲ್ಲ, ವಾಸಿಯೂ ಆಗುವುದಿಲ್ಲ. ಬದಲಾಗುವುದು ಸ್ನಾಯು, ಮೂಳೆ, ಕೀಲು. ಮಗು ಬೆಳೆದ ಹಾಗೆ ಮೂಳೆ ಉದ್ದವಾಗುತ್ತದೆ, ಬಿಗಿ ಹಿಡಿದ ಸ್ನಾಯು ಅದರ ಜೊತೆ ಬೆಳೆಯದೆ ಹಿಂದೆ ಬೀಳುತ್ತದೆ, ಕೊನೆಗೆ ಕೀಲು ಮಡಚಿಕೊಂಡೇ ಉಳಿಯುತ್ತದೆ. ಕಾಲು ಕತ್ತರಿಯಾಗುವ ಮಕ್ಕಳಲ್ಲಿ ಸೊಂಟದ ಕೀಲು ನಿಧಾನವಾಗಿ ಜಾರುವ ಭಯವೂ ಇದೆ, ಎಷ್ಟೋ ಸಲ ನೋವಿಲ್ಲದೆ. ಸೊಂಟದ ಎಕ್ಸ್‌ರೇ ತೆಗೆದಿದ್ದಾರಾ ಅಂತ ಡಾಕ್ಟರನ್ನು ಕೇಳಿ. ಅತ್ತೆಯವರ ಎಣ್ಣೆಗೆ ನನ್ನ ವಿರೋಧ ಇಲ್ಲ, ಹಚ್ಚಲಿ, ಮಗುವಿಗೆ ಹಿತವಾಗುತ್ತದೆ. ಆದರೆ ಅದು ಥೆರಪಿ ಅಲ್ಲ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ವಾರದಲ್ಲಿ 168 ಗಂಟೆ ಇದೆ, ಅದರಲ್ಲಿ ಥೆರಪಿಸ್ಟ್ ಕೈಗೆ ಮಗು ಸಿಗುವುದು ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯಲ್ಲಿ ಅವರು ಎಳೆದು ಮಡಚುವುದರಿಂದ ಮಾತ್ರ ಹೆಚ್ಚೇನೂ ಆಗುವುದಿಲ್ಲ, ನನ್ನ ವೃತ್ತಿಯವರು ಕೋಪಿಸಿಕೊಂಡರೂ ಸರಿ. ಮಗು ತಾನೇ ಕೈ ಚಾಚಿ, ತಾನೇ ಭಾರ ಹೊತ್ತು, ತಾನೇ ತಿರುಗಿ ಮಾಡುವ ಕೆಲಸದಿಂದ ಆಗುವಷ್ಟು ಲಾಭ ನಾವು ಅವನ ಕಾಲು ಆಡಿಸುವುದರಿಂದ ಆಗುವುದಿಲ್ಲ. ಅದಕ್ಕೇ ಮುಂದಿನ ಮಂಗಳವಾರ ಹೋದಾಗ ಒಂದೇ ಮಾತು ಕೇಳಿ: "ಈ ವಾರ ಮನೆಯಲ್ಲಿ ನಾನು ಮಾಡಿಸಬೇಕಾದ ಎರಡು ಕೆಲಸ ಯಾವುದು, ನನ್ನ ಕೈಯಲ್ಲೇ ಮಾಡಿಸಿ ತೋರಿಸಿ." ಎರಡೇ. ಹತ್ತು ಹೇಳಿದರೆ ಒಂದೂ ಆಗುವುದಿಲ್ಲ. ನಿಮಗೆ ಕಳೆ ತೆಗೆಯುವ ಕೆಲಸವೂ ಇದೆ, ಅಡುಗೆಯೂ ಇದೆ.

ನನಗೆ ಒಬ್ಬ ಅಜ್ಜಿ ಕಲಿಸಿದ ಉಪಾಯ ಹೇಳುತ್ತೇನೆ, ನಿಮ್ಮ ಥೆರಪಿಸ್ಟ್‌ಗೆ ತೋರಿಸಿ ಒಪ್ಪಿದರೆ ಮಾಡಿ. ಕಾಫಿ ತುಂಬುವ ಗೋಣಿ ಚೀಲಕ್ಕೆ ಹಳೆ ಬಟ್ಟೆ ಗಟ್ಟಿಯಾಗಿ ತುರುಕಿ, ಉದ್ದಕ್ಕೆ ಸುತ್ತಿ, ದಿಂಬಿನ ಹಾಗೆ ಹೊಲಿದಿದ್ದರು. ಮೊಮ್ಮಗನನ್ನು ಅದರ ಮೇಲೆ ಕುದುರೆ ಹತ್ತಿಸಿದ ಹಾಗೆ ಕೂರಿಸಿ, ಪಾದ ಎರಡೂ ನೆಲಕ್ಕೆ ತಾಗಿಸಿ, ಮುಂದೆ ಒಂದು ಬುಟ್ಟಿ ಇಟ್ಟು ಕಿತ್ತಳೆ ಎತ್ತಿ ಹಾಕಲು ಹೇಳುತ್ತಿದ್ದರು. ಕಾಲು ಕತ್ತರಿಯಾಗಲು ಜಾಗವೇ ಇಲ್ಲ, ಬೆನ್ನು ತಾನೇ ನೆಟ್ಟಗಾಗುತ್ತದೆ, ಕೈಗೆ ಕೆಲಸ. ನಮ್ಮಲ್ಲಿ ಇದೇ ಥರದ್ದನ್ನು ರೆಕ್ಸಿನ್ ಹೊದಿಸಿ ಮಾರುತ್ತಾರೆ, ಬೆಲೆ ಹೇಳಿದರೆ ಅಜ್ಜಿ ನಗುತ್ತಾರೆ.

ಕಾಗದ ಪತ್ರದ ವಿಷಯ. ಅಂಗವೈಕಲ್ಯದ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಅನ್ನುತ್ತಾರೆ, ಮಾಡಿಸಿದ್ದೀರಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇದೆ, ಸೆರೆಬ್ರಲ್ ಪಾಲ್ಸಿ ಅದರಲ್ಲಿ ಒಂದು. ಮಾಸಾಶನ, ಬಸ್ ಪಾಸ್ ಎಲ್ಲಕ್ಕೂ ಅದೇ ಬೇರು. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲಿದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಅದು. ಇದನ್ನೆಲ್ಲಾ ಒಬ್ಬರೇ ಓಡಾಡಿ ಮಾಡಬೇಡಿ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇರುತ್ತಾರೆ, ವಿಆರ್‌ಡಬ್ಲ್ಯು ಅಂದರೆ ಪಂಚಾಯಿತಿಯವರಿಗೆ ಗೊತ್ತಾಗುತ್ತದೆ, ಅರ್ಜಿ ಹಾಕಿಸುವುದು ಅವರ ಕೆಲಸವೇ. ಅಂಗನವಾಡಿಗೆ ಬರುವ ಬಾಲ ಸ್ವಾಸ್ಥ್ಯ ತಂಡದ ಡಾಕ್ಟರಿಗೂ ಮಗುವನ್ನು ತೋರಿಸಿ, ಅವರು ಬರೆದುಕೊಟ್ಟರೆ ಸರ್ಕಾರಿ ಆಸ್ಪತ್ರೆಯಲ್ಲಿ ಮುಂದಿನ ದಾರಿ ಸುಲಭ. ಸರ್ಕಾರಿ ಬಸ್ಸಾದರೆ ಶಕ್ತಿ ಯೋಜನೆಯಲ್ಲಿ ನಿಮಗೆ ಪ್ರಯಾಣ ಉಚಿತ. ಆದರೆ ನಿಮ್ಮ ಕಡೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಅದು ನಡೆಯುವುದಿಲ್ಲ ಅಂತ ನನಗೂ ಗೊತ್ತು. ಮಳೆಗಾಲದಲ್ಲಿ ಬರಲು ಆಗದ ವಾರ ಫೋನಿನಲ್ಲಿ ವಿಡಿಯೋ ಮಾಡಿ ಥೆರಪಿಸ್ಟ್‌ಗೆ ಕಳಿಸಬಹುದಾ ಅಂತ ಕೇಳಿ. ಒಪ್ಪದವರು ಕಡಿಮೆ.

ಪ್ರಶ್ನೆ: ಸೈಕಲ್ಲಿಗೇ ಲಕ್ಷ ಸುರಿಯುವವರು ಅಂಗವಿಕಲ ಮಕ್ಕಳ ಹೆಸರಲ್ಲಿ ಊರವರ ಮುಂದೆ ಕೈ ಚಾಚುವುದು ಯಾವ ನ್ಯಾಯ? ನೀವು ಓಡಿದರೆ ಮಗುವಿಗೆ ಕಾಲು ಬರುತ್ತದಾ? ಆ ಸೈಕಲ್ ದುಡ್ಡನ್ನೇ ಕೊಡಬಾರದಿತ್ತಾ?
– ಕುಶಾಲನಗರ

ಉತ್ತರ: ಅರ್ಧ ಸರಿ. ನನ್ನ ಸೈಕಲ್ ಸೆಕೆಂಡ್ ಹ್ಯಾಂಡ್, ಆದರೂ ಮಗುವಿನ ಎಷ್ಟೋ ತಿಂಗಳ ಥೆರಪಿ ಖರ್ಚು ಅದರಲ್ಲಿದೆ, ಒಪ್ಪಿದೆ. ಗೋವಾಕ್ಕೆ ಹೋಗುವುದರಲ್ಲಿ ಜಂಬವೂ ಇದೆ, ಅದನ್ನೂ ಒಪ್ಪಿದೆ. ಆದರೆ ನಾನು ಸುಮ್ನೆ ಮನೆಯಲ್ಲಿ ಕೂತು "ಮಕ್ಕಳ ಥೆರಪಿಗೆ ಕೊಡಿ" ಅಂತ ಹತ್ತು ವರ್ಷ ಹೇಳಿದ್ದೆ, ಕೊಟ್ಟವರು ಮೂವರು. ಐವತ್ತು ದಾಟಲಿರುವ ಮನುಷ್ಯ ಸಮುದ್ರಕ್ಕೆ ಬೀಳುತ್ತಾನಂತೆ ಅಂದಾಗ ಜನಕ್ಕೆ ತಮಾಷೆ ಅನ್ನಿಸಿತು, ಕೊಟ್ಟರು. ಮಡಿಕೇರಿ ದಸರಾದ ಹತ್ತು ಮಂಟಪಗಳಿಗೂ ನಾವು ಚಂದಾ ಕೊಡುವುದು ಯಾರೋ ಬಂದು ಕೇಳುತ್ತಾರೆ ಅಂತಲೇ ಅಲ್ವಾ? ನಾನು ಇಟ್ಟುಕೊಂಡ ನಿಯಮ ಒಂದಿದೆ. ಎಂಟ್ರಿ ಫೀಸು, ಪ್ರಯಾಣ, ಬೂಟು ಎಲ್ಲಾ ನನ್ನ ಜೇಬಿನದ್ದು, ಮೊದಲ ಚಂದಾವೂ ನನ್ನದೇ. ಅದನ್ನು ಪಾಲಿಸದವರು ಬಂದರೆ ನೀವು ಹೀಗೇ ಕೇಳಿ.

ಪ್ರಶ್ನೆ: ನಾವು ನಾಲ್ವರು ಸ್ನೇಹಿತರು, ಬೆಂಗಳೂರಿನಲ್ಲಿ ಕೆಲಸ. ಗೋವಾದ 70.3ಗೆ ತಯಾರಿ ನಡೆದಿದೆ. ಕಿಲೋಮೀಟರಿಗೆ ಇಷ್ಟು ಅಂತ ಆಫೀಸಿನವರಿಂದ 3 ಲಕ್ಷ ಕೂಡಿಸಿ ನಮ್ಮ ಊರ ಕಡೆಯ ವಿಶೇಷ ಮಕ್ಕಳ ಶಾಲೆಗೆ ಒಂದು ಒಳ್ಳೆಯ ಉಪಕರಣ ಕೊಡಿಸಬೇಕು ಅಂತಿದ್ದೇವೆ. ಆ ದಿನ ಮಕ್ಕಳಿಗೆಲ್ಲ ನಮ್ಮ ಟೀ ಶರ್ಟ್ ಹಾಕಿಸಿ ಫೋಟೋ ತೆಗೆಯುವ ಯೋಚನೆಯೂ ಇದೆ. ಯಾವ ಉಪಕರಣ ಕೊಟ್ಟರೆ ಒಳ್ಳೆಯದು?
– ವಿರಾಜಪೇಟೆ

ಉತ್ತರ: ನಿಮ್ಮ ಮನಸ್ಸು ದೊಡ್ಡದು, ಅದರಲ್ಲಿ ಅನುಮಾನ ಇಲ್ಲ. ಆದರೆ ನೀವು ಮಾಡಲು ಹೊರಟಿರುವ ತಪ್ಪನ್ನು ನಾನು ಆಗಲೇ ಮಾಡಿ ಮುಗಿಸಿದ್ದೇನೆ, ಅದನ್ನು ಹೇಳಿಬಿಡುತ್ತೇನೆ.

ಮೊದಲ ರೇಸಿನ ಹಣದಲ್ಲಿ ಒಂದು ಕೇಂದ್ರಕ್ಕೆ ನಡಿಗೆ ಕಲಿಸುವ ಯಂತ್ರ ಕೊಡಿಸಿದೆವು. ಟ್ರೆಡ್‌ಮಿಲ್, ಮೇಲೆ ಕಬ್ಬಿಣದ ಚೌಕಟ್ಟು, ಅದರಿಂದ ಇಳಿಬಿಟ್ಟ ಬೆಲ್ಟು. ಮಗುವನ್ನು ಅದರಲ್ಲಿ ಕಟ್ಟಿ ನಿಲ್ಲಿಸಿದರೆ ಬೀಳುವ ಭಯ ಇಲ್ಲದೆ ಹೆಜ್ಜೆ ಹಾಕಬಹುದು. ಆಯ್ಕೆ ಮಾಡಿದ್ದು ನಾನೇ, ಫಿಸಿಯೋಥೆರಪಿಸ್ಟ್ ಅಂತ ಹಮ್ಮು ಬೇರೆ. ರಿಬ್ಬನ್ ಕತ್ತರಿಸಿದ್ದಾಯಿತು, ಲಾಡು ಹಂಚಿದ್ದಾಯಿತು. ಮೂರು ತಿಂಗಳಿಗೆ ಅಲ್ಲಿದ್ದ ಒಬ್ಬಳೇ ಒಬ್ಬಳು ಥೆರಪಿಸ್ಟ್ ಮೈಸೂರಿನಲ್ಲಿ ಒಳ್ಳೆ ಸಂಬಳ ಸಿಕ್ಕಿತು ಅಂತ ಹೋದಳು. ಅವಳದ್ದೇನು ತಪ್ಪು? ಯಂತ್ರ ನಡೆಸಲು ಗೊತ್ತಿರುವವರು ಇಲ್ಲ, ಕರೆಂಟು ಏರಿಳಿದು ಬೋರ್ಡ್ ಬೇರೆ ಸುಟ್ಟಿತು. ಮುಂದಿನ ಜುಲೈಯಲ್ಲಿ ಹೋದಾಗ ಆಯಾ ಅದರ ಹಿಡಿಕೆಗೆ ಮಕ್ಕಳ ಮಳೆ ಕೋಟು ಒಣಗಲು ಹಾಕಿದ್ದರು. ನಾಲ್ಕೂ ಕಡೆ ಗಾಳಿಯಾಡುತ್ತದೆ, ಚೆನ್ನಾಗಿ ಒಣಗುತ್ತದೆ ಅಂತ ನನಗೇ ಹೇಳಿದರು. ಅವರ ಮಾತಿನಲ್ಲಿ ವ್ಯಂಗ್ಯ ಇರಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಆಮೇಲೆ ಕೂತು ಕೇಳಿದೆ, ನಿಮಗೆ ಬೇಕಾದದ್ದು ಏನು ಅಂತ. ಮೊದಲೇ ಕೇಳಬೇಕಿತ್ತು. ಬಂದ ಉತ್ತರ: ವ್ಯಾನಿಗೆ ಡೀಸೆಲ್. ಲೈನ್ ಮನೆಗಳಿಂದ ಮಕ್ಕಳನ್ನು ಕರೆತರುವ ವ್ಯಾನು ತಿಂಗಳ ಕೊನೆಯ ವಾರ ನಿಲ್ಲುತ್ತಿತ್ತು, ವ್ಯಾನ್ ನಿಂತರೆ ಥೆರಪಿ ನಿಂತಿತು. ಎರಡನೆಯದು, ಥೆರಪಿಸ್ಟ್ ಬಿಟ್ಟು ಹೋಗದಷ್ಟು ಸಂಬಳ. ಮೂರನೆಯದು, ಕಾಲನ್ನು ನೆಟ್ಟಗೆ ಹಿಡಿದಿಡಲು ಹಾಕುವ ಸ್ಪ್ಲಿಂಟ್. ಮಗು ಬೆಳೆದ ಹಾಗೆ ಬೂಟು ಚಿಕ್ಕದಾಗುವಂತೆ ಅದೂ ಚಿಕ್ಕದಾಗುತ್ತದೆ, ಮತ್ತೆ ಅಳತೆ ಕೊಟ್ಟು ಮಾಡಿಸಬೇಕು. ಮಗುವಿನ ಮೊದಲ ಸ್ಪ್ಲಿಂಟ್ ಕೊಡಿಸಲು ದಾನಿಗಳು ಸಿಗುತ್ತಾರೆ, ಅದೇ ಮಗುವಿನ ಮೂರನೇ ಸ್ಪ್ಲಿಂಟ್‌ಗೆ ಸಿಗುವುದಿಲ್ಲ. ಇದರಲ್ಲಿ ಯಾವುದಕ್ಕೂ ರಿಬ್ಬನ್ ಕಟ್ಟಲು ಬರುವುದಿಲ್ಲ ನೋಡಿ.

ನಿಮ್ಮ 3 ಲಕ್ಷವನ್ನು ಒಂದೇ ದಿನ ಕೊಡುವ ಬದಲು 24 ತಿಂಗಳಿಗೆ ಹಂಚಿ. ತಿಂಗಳಿಗೆ 12,500 ಆಯಿತು. ವಾರಕ್ಕೆ ಒಂದೆರಡು ದಿನ ಬಂದು ಹೋಗುವ ಸ್ಪೀಚ್ ಥೆರಪಿಸ್ಟ್ ಖರ್ಚಿನಲ್ಲಿ ಒಂದು ದೊಡ್ಡ ಪಾಲು ಅದರಲ್ಲಿ ನಡೆಯುತ್ತದೆ, ಮುಂದಿನ ತಿಂಗಳೂ ಹಣ ಬರುತ್ತದೆ ಅಂತ ಗೊತ್ತಿದ್ದರೆ ಕೇಂದ್ರದವರಿಗೆ ಒಬ್ಬರನ್ನು ನೇಮಿಸಿಕೊಳ್ಳುವ ಧೈರ್ಯ ಬರುತ್ತದೆ. ನಿಮ್ಮ ತರಬೇತಿಯೂ ಹಾಗೇ ಅಲ್ವಾ, ಒಂದೇ ಭಾನುವಾರ ಇಪ್ಪತ್ತು ಗಂಟೆ ಸೈಕಲ್ ಹೊಡೆದು ರೇಸಿಗೆ ಹೋಗುವವರು ಯಾರಿದ್ದಾರೆ? ಆಫೀಸಿನವರ ಹತ್ತಿರ ಕಿಲೋಮೀಟರ್ ಲೆಕ್ಕದಲ್ಲಿ ಕೇಳುವುದಾದರೆ ಕೇಳಿ, 113 ಕಿ.ಮೀ.ಗೆ ಹತ್ತು ರೂಪಾಯಿಯಂತೆ ಅಂದರೂ ಒಬ್ಬರಿಂದ 1,130 ಆಗುತ್ತದೆ, ಯಾರಿಗೂ ಹೊರೆಯಲ್ಲ. ಆದರೆ "ಮುಗಿಸಿದರೆ ಮಾತ್ರ" ಅನ್ನುವ ಷರತ್ತು ಬೇಡ. ನಿಮ್ಮ ಟೈರ್ ಪಂಕ್ಚರ್ ಆದದ್ದಕ್ಕೆ ಮಗುವಿನ ಥೆರಪಿ ಯಾಕೆ ನಿಲ್ಲಬೇಕು? ಹಣ ನಿಮ್ಮ ಫೋನಿಗೆ ಬರುವುದೂ ಬೇಡ, ನೇರ ಸಂಸ್ಥೆಯ ಖಾತೆಗೇ ಹೋಗಲಿ, ರಸೀದಿ ಅವರೇ ಕೊಡಲಿ.

ಫೋಟೋ ವಿಷಯ. ಬೇಡ. ಮಾತು ಬಾರದ ಮಗು "ಬೇಡ" ಅಂತ ಹೇಗೆ ಹೇಳಬೇಕು? ಅಪ್ಪ ಅಮ್ಮ ಸಹಿ ಹಾಕುತ್ತಾರೆ, ನಿಜ, ಸಹಾಯ ಮಾಡುವವರು ಕೇಳುವಾಗ ಇಲ್ಲ ಅನ್ನುವ ಸ್ಥಿತಿಯಲ್ಲಿ ಅವರು ಇರುವುದಿಲ್ಲ. ನಿಮ್ಮದೇ ಬೆವರು ಸುರಿಯುವ ಮುಖ ಹಾಕಿಕೊಳ್ಳಿ.

ಹಣಕ್ಕಿಂತ ಒಳ್ಳೆಯದು ಒಂದು ನಿಮ್ಮ ಹತ್ತಿರ ಇದೆ, ನಿಮಗೇ ಹೊಳೆದಿಲ್ಲ. ನಾಲ್ವರಿಗೂ ಟ್ಯೂಬ್ ಬದಲಿಸಲು, ಬ್ರೇಕ್ ಬಿಗಿ ಮಾಡಲು, ಬೇರಿಂಗ್‌ಗೆ ಗ್ರೀಸ್ ಹಾಕಲು ಬರುತ್ತದಲ್ಲ? ಗಾಲಿಕುರ್ಚಿಯಲ್ಲೂ ಇರುವುದು ಅದೇ ಗಾಲಿ, ಅದೇ ಬ್ರೇಕ್, ಅದೇ ಬೇರಿಂಗ್. ಯಾವ ವಿಶೇಷ ಶಾಲೆಗೆ ಹೋದರೂ ಮೂಲೆಯಲ್ಲಿ ಎರಡು ಮೂರು ಕುರ್ಚಿ ಗಾಳಿ ಇಲ್ಲದೆ ನಿಂತಿರುತ್ತವೆ. ಮೂರು ತಿಂಗಳಿಗೊಮ್ಮೆ ಊರಿಗೆ ಬರುತ್ತೀರಲ್ಲ, ಟೂಲ್ ಕಿಟ್ ಹಿಡಿದು ಹೋಗಿ. ಸುಂಟಿಕೊಪ್ಪದ ಸ್ವಸ್ಥ ಶಾಲೆಯಂಥ ಕಡೆ ಮೊದಲೇ ಫೋನ್ ಮಾಡಿ, ಕಾರ್ಯಕ್ರಮ ಇಲ್ಲದ ಮಾಮೂಲಿ ದಿನ ಹೋಗಿ ನೋಡಿ. ಆಮೇಲೆ ಯಾವ ಉಪಕರಣ ಅಂತ ನನ್ನನ್ನು ಕೇಳುವುದಿಲ್ಲ.

ಪ್ರಶ್ನೆ: ರೇಸಿನ ಹಿಂದಿನ ರಾತ್ರಿ ಪಂದಿ ಕರಿ (ಹಂದಿ ಮಾಂಸದ ಸಾರು), ಕಡಂಬುಟ್ಟು (ಅಕ್ಕಿ ಉಂಡೆ) ತಿನ್ನಬಹುದಾ?
– ಪೊನ್ನಂಪೇಟೆ

ಉತ್ತರ: ಕಡಂಬುಟ್ಟು ಧಾರಾಳ. ಅಕ್ಕಿ ತಾನೇ, ಕಾಲಿಗೆ ಬೇಕಾದ ಸೌದೆ ಅದೇ. ಪಂದಿ ಕರಿ ಕೊಬ್ಬು, ಹೊಟ್ಟೆಯಲ್ಲಿ ನಿಧಾನಕ್ಕೆ ಕರಗುತ್ತದೆ, ಬೆಳಗ್ಗೆ ಸಮುದ್ರದಲ್ಲಿ ಅಲೆ ಬಂದಾಗ ಅದಕ್ಕೆ ಹಾಕಿದ ಕಾಚಂಪುಳಿ ಹುಳಿ ಸಮೇತ ಗಂಟಲಿಗೆ ಬರುತ್ತದೆ. ಅನುಭವದ ಮಾತು, ಹೆಚ್ಚು ಕೇಳಬೇಡಿ. ರೇಸ್ ನಡುವೆ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಹೋಗಬೇಕು. ಒಂದು ದೊಡ್ಡ ಬಾಳೆಹಣ್ಣು, ಎರಡು ಚಮಚ ಜೇನು ಅಂದರೆ ಹೆಚ್ಚು ಕಡಿಮೆ ಆಯಿತು. ಉಪ್ಪು ಮರೆಯಬೇಡಿ. ನಮ್ಮ ತಂಪಿನಲ್ಲಿ ಅಭ್ಯಾಸ ಮಾಡಿದವರಿಗೆ ಗೋವಾದ ಸೆಕೆ ದೊಡ್ಡ ಪೆಟ್ಟು. ಪಂದಿ ಕರಿ ರೇಸ್ ಮುಗಿದ ರಾತ್ರಿಗೆ ಇರಲಿ.

ಪ್ರಶ್ನೆ: ನನ್ನ ಮಗನಿಗೆ 15, ಡೌನ್ ಸಿಂಡ್ರೋಮ್. ಚಿಕ್ಕಂದಿನಲ್ಲಿ ಹೃದಯದ ಆಪರೇಷನ್ ಆಗಿದೆ. ನಾನು ಬೆಳಗ್ಗೆ ಓಡಲು ಹೊರಟರೆ ಬೂಟು ಹಾಕಿಕೊಂಡು ನನಗಿಂತ ಮೊದಲೇ ಗೇಟಿನ ಹತ್ತಿರ ನಿಂತಿರುತ್ತಾನೆ. ಇಂಥವರು ಟ್ರಯಥ್ಲಾನ್ ಮಾಡಿದ್ದಾರಾ? ಅಥವಾ ಆಸೆ ಹುಟ್ಟಿಸುವುದೇ ತಪ್ಪಾ?
– ಸಿದ್ದಾಪುರ

ಉತ್ತರ: ಮಾಡಿದ್ದಾರೆ. ಅಮೆರಿಕದ ಕ್ರಿಸ್ ನಿಕಿಕ್ ಎಂಬ 21 ವರ್ಷದ ಹುಡುಗ 2020ರ ನವೆಂಬರ್‌ನಲ್ಲಿ ಫ್ಲೋರಿಡಾದಲ್ಲಿ ಪೂರ್ತಿ ಐರನ್‌ಮ್ಯಾನ್ ಮುಗಿಸಿದ. 16 ಗಂಟೆ 46 ನಿಮಿಷ. ಡೌನ್ ಸಿಂಡ್ರೋಮ್ ಇರುವವರಲ್ಲಿ ಅವನೇ ಮೊದಲಿಗ. ಗಡುವು 17 ಗಂಟೆ ಅಂದೆನಲ್ಲ, ಉಳಿದಿದ್ದು 14 ನಿಮಿಷ. ದಾರಿಯಲ್ಲಿ ಸೈಕಲ್ಲಿಂದ ಬಿದ್ದ, ಇರುವೆ ಕಚ್ಚಿಸಿಕೊಂಡ, ಮತ್ತೆ ಹತ್ತಿದ. ಜೊತೆಗೆ ಉದ್ದಕ್ಕೂ ಒಬ್ಬ ಮಾರ್ಗದರ್ಶಿ ಇದ್ದ. ಇನ್ನೊಂದು ಅಪ್ಪ ಮಗನ ಜೋಡಿ ಡಿಕ್ ಹೊಯ್ಟ್, ರಿಕ್ ಹೊಯ್ಟ್. ಮಗನಿಗೆ ಸೆರೆಬ್ರಲ್ ಪಾಲ್ಸಿ. 1977ರಲ್ಲಿ ಐದು ಮೈಲಿಯ ಒಂದು ಸಹಾಯಾರ್ಥ ಓಟದಲ್ಲಿ ಅಪ್ಪ ಗಾಲಿಕುರ್ಚಿ ತಳ್ಳುತ್ತಾ ಓಡಿದ್ದು ಶುರು, ಆಮೇಲೆ ಸಾವಿರಕ್ಕೂ ಜಾಸ್ತಿ ಸ್ಪರ್ಧೆ. ಈಜುವಾಗ ಮಗನನ್ನು ದೋಣಿಯಲ್ಲಿ ಕೂರಿಸಿ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಎಳೆಯುತ್ತಿದ್ದರು. ಅಪ್ಪ 2021ರಲ್ಲಿ ತೀರಿಕೊಂಡರು, ಮಗ 2023ರಲ್ಲಿ.

ಆದರೆ ನಿಮ್ಮ ಹುಡುಗ ಕ್ರಿಸ್ ಆಗಬೇಕಿಲ್ಲ. ಮೊದಲು ಹೃದಯದ ಡಾಕ್ಟರ್ ಹತ್ತಿರ "ಇಷ್ಟು ಶ್ರಮ ಮಾಡಬಹುದು" ಅಂತ ಬರೆಸಿಕೊಳ್ಳಿ. ಎರಡನೆಯದು ಕುತ್ತಿಗೆ. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕುತ್ತಿಗೆಯ ಮೇಲಿನ ಎರಡು ಮೂಳೆಗಳ ಕೀಲು ಸಡಿಲ ಇರುತ್ತದೆ. ನಡಿಗೆ ಬದಲಾಗಿದೆ, ಕೈ ಕಾಲಿಗೆ ಬಲ ಕಡಿಮೆಯಾಗಿದೆ, ಕುತ್ತಿಗೆ ನೋವು ಅನ್ನುತ್ತಾನೆ ಅಂದರೆ ಎಲ್ಲಾ ನಿಲ್ಲಿಸಿ ಕೂಡಲೇ ತೋರಿಸಿ. ತಲೆ ಕೆಳಗಾಗಿ ನೀರಿಗೆ ಹಾರುವುದು ಅವನಿಗೆ ಬೇಡವೇ ಬೇಡ, ಮೆಟ್ಟಿಲು ಇಳಿದು ಹೋಗಲಿ. ಸ್ಪೆಷಲ್ ಒಲಿಂಪಿಕ್ಸ್ ಭಾರತ್‌ನವರು ಬೌದ್ಧಿಕ ಅಂಗವೈಕಲ್ಯ ಇರುವವರಿಗೆಂದೇ ತರಬೇತಿ, ಸ್ಪರ್ಧೆ ನಡೆಸುತ್ತಾರೆ, ಓಟವೂ ಇದೆ, ಈಜೂ ಇದೆ, ಸೈಕಲ್ಲೂ ಇದೆ. ಅಲ್ಲಿ ಸೇರಿಸಿ. ಒಂದು ವಿಷಯ ಮಾತ್ರ ಗಮನಿಸಿ. ಅವನು ಗೇಟಿನ ಹತ್ತಿರ ನಿಲ್ಲುವುದು ಪದಕಕ್ಕಲ್ಲ, ನಿಮ್ಮ ಜೊತೆಗೆ. ನಿಮ್ಮ ಗಡಿಯಾರದ ವೇಗ ಅವನ ಮೇಲೆ ಹಾಕಿದ ದಿನ ಬೂಟು ಬಿಚ್ಚಿಡುತ್ತಾನೆ.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸು. ನನ್ನ ತಮ್ಮನಿಗೆ ಏಳು ವರ್ಷ, ಆಟಿಸಂ ಇದೆ, ಮಾತು ಕಡಿಮೆ. ನೀರು ಅಂದರೆ ಪ್ರಾಣ. ಎರಡು ಸಲ ಹೇಳದೆ ತೋಟದ ಕೆರೆ ಹತ್ತಿರ ಹೋಗಿದ್ದ. ನನಗೆ ಈಜು ಬರುತ್ತದೆ. ನಾನೇ ಅವನಿಗೆ ಕಲಿಸಬಹುದಾ?
– ಸುಂಟಿಕೊಪ್ಪ ಹತ್ತಿರದ ಹಳ್ಳಿ

ಉತ್ತರ: ಪುಟ್ಟೀ, ಈ ಪತ್ರವನ್ನು ಈಗಲೇ ಅಪ್ಪ ಅಮ್ಮನಿಗೆ ತೋರಿಸು. ಆಟಿಸಂ ಇರುವ ಮಕ್ಕಳಲ್ಲಿ ಅನೇಕರಿಗೆ ನೀರಿನ ಸೆಳೆತ ಜಾಸ್ತಿ, ಹೇಳದೆ ಹೊರಟುಬಿಡುವ ಅಭ್ಯಾಸವೂ ಇರುತ್ತದೆ. ಎರಡೂ ಸೇರಿದರೆ ಅಪಾಯ. ಹಾಗಾಗಿ ಈಜು ಕಲಿಸುವುದಕ್ಕೆ ಮೊದಲು ಎರಡು ಕೆಲಸ ಈ ವಾರವೇ ಆಗಬೇಕು. ಕೆರೆಗೆ ಬೇಲಿ, ಗೇಟಿಗೆ ಅವನ ಕೈಗೆ ಸಿಗದ ಎತ್ತರದಲ್ಲಿ ಚಿಲಕ. ಇನ್ನೊಂದು, ಲೈನ್ ಮನೆಯವರಿಗೆ, ಪಕ್ಕದ ತೋಟದವರಿಗೆ ಎಲ್ಲರಿಗೂ ಹೇಳಿಡಿ: ಇವನು ಒಬ್ಬನೇ ಕಂಡರೆ ಕೈ ಹಿಡಿದು ಮನೆಗೆ ಬಿಡಿ, ಕಾಣೆಯಾದ ಅಂತ ಗೊತ್ತಾದರೆ ಮೊದಲು ಕೆರೆ ಹತ್ತಿರ ಓಡಿ, ಮಿಕ್ಕ ಕಡೆ ಆಮೇಲೆ ಹುಡುಕಿ.

ಕಲಿಸಬೇಕು, ಖಂಡಿತ ಕಲಿಸಬೇಕು. ಆದರೆ ನೀನೊಬ್ಬಳೇ ಅಲ್ಲ, ಕೆರೆಯಲ್ಲಿ ಅಲ್ಲ. ಆಳ ಕಡಿಮೆ ಇರುವ ಈಜುಕೊಳ, ಅವನಿಂದ ಕೈಯಳತೆ ದೂರದಲ್ಲಿ ಈಜು ಬರುವ ಒಬ್ಬ ದೊಡ್ಡವರು. ಜನ ಇಲ್ಲದ ಹೊತ್ತು ಹೋಗಿ, ಗಲಾಟೆ, ಪ್ರತಿಧ್ವನಿ ಅವನಿಗೆ ಆಗದಿರಬಹುದು. ಉದ್ದ ಉದ್ದ ಹೇಳಬೇಡ, ಚಿತ್ರ ತೋರಿಸು: ಬಟ್ಟೆ ಬದಲಿಸು, ಕೂರು, ಕಾಲು ಆಡಿಸು, ಟವೆಲ್, ಮನೆ. ಪ್ರತಿ ಸಲವೂ ಅದೇ ಕ್ರಮ. ಕೈ ಬೀಸಿ ಈಜುವುದು ಮೊದಲು ಅಲ್ಲ. ಮೊದಲು ಕಲಿಸಬೇಕಾದದ್ದು ನೀರಿನಲ್ಲಿ ಹಿಂದಕ್ಕೆ ತಿರುಗಿ ಬದಿ ಹಿಡಿದುಕೊಳ್ಳುವುದು, ಆಮೇಲೆ ಬೆನ್ನ ಮೇಲೆ ತೇಲುವುದು. ಅದಕ್ಕೆ ಒಂದು ತಿಂಗಳು ಆಗಬಹುದು, ಒಂದು ವರ್ಷವೂ ಆಗಬಹುದು. ಅವನು ಕಲಿತ ಮೇಲೂ ಬೇಲಿ ಹಾಗೇ ಇರಲಿ.

ಮೊದಲ ದಿನ ನೀರಿಗೆ ಇಳಿಸಬೇಡಿ. ಅಪ್ಪ ನೀರಿನೊಳಗೆ ನಿಂತಿರಲಿ. ನೀನು, ತಮ್ಮ ಮೆಟ್ಟಿಲ ಮೇಲೆ ಕೂತು ಕಾಲು ಮಾತ್ರ ಬಿಡಿ. ಹತ್ತು ನಿಮಿಷ ಆದ ಮೇಲೆ, ಅವನು ಇನ್ನೂ ಬೇಕು ಅನ್ನುತ್ತಿರುವಾಗಲೇ, ಟವೆಲ್ ಚಿತ್ರ ತೋರಿಸಿ ಎದ್ದು ಬನ್ನಿ. ಏನಾಯಿತು ಅಂತ ನನಗೆ ಬರೆ.